ಪೆನ್‌ಡ್ರೈವ್ ಆವೃತ್ತಿ ಇನ್ನಿಲ್ಲ: ‘ವೈರಸ್ ಇದೆ’ ಎಂಬ ಕೂಗಿನ ಬಗ್ಗೆ ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ಡಬಲ್ ಕ್ಲಿಕ್ ಮಾಡಿದರೆ ಸಾಕು, ಇನ್‌ಸ್ಟಾಲ್ ಬೇಡ ಎಂದು ನೀವು ಮೆಚ್ಚಿಕೊಂಡಿದ್ದ, ನಮ್ಮ ಕನ್ನಡ ಟೈಪಿಂಗ್ ತಂತ್ರಾಂಶದ ಪೆನ್‌ಡ್ರೈವ್ ಆವೃತ್ತಿಯನ್ನು ಮುಂದಿನ ತಿಂಗಳ 1ನೇ ತಾರೀಖಿನಿಂದ ಕೊಡುವುದಿಲ್ಲ. ಇನ್ನು ಡಿಜಿಟಲ್ ಸಹಿ, ಅಂದರೆ ತಯಾರಕರು ಯಾರೆಂದು ತೋರಿಸುವ ಗುರುತು, ಇರುವ ಇನ್‌ಸ್ಟಾಲರ್ ಒಂದೇ. ವಾರ್ಷಿಕ ಶುಲ್ಕ 600ರಿಂದ 750 ರೂಪಾಯಿ ಆಗುತ್ತದೆ. ಲಗ್ನಪತ್ರಿಕೆಯೋ ಕ್ರಯಪತ್ರವೋ ಅರ್ಧ ಟೈಪಾಗಿರುವಾಗ ಆಂಟಿವೈರಸ್ ನಮ್ಮ ಫೈಲನ್ನು ಎತ್ತಿಕೊಂಡು ಹೋಗಿ ನಿಮಗಾದ ತೊಂದರೆಗೆ ಕ್ಷಮೆ ಕೇಳುತ್ತೇವೆ. ಆದರೆ “ವೈರಸ್ ಮಾರುತ್ತಾರೆ” ಅನ್ನುವ ಮಾತನ್ನು ಮಾತ್ರ ಒಪ್ಪುವುದಿಲ್ಲ.

ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ್ದು ಇದು: “ಪಕ್ಕದ ಅಂಗಡಿಯಲ್ಲಿ ಮೂರು ವರ್ಷದ ಹಳೇ ಕಾಪಿ ಸುಮ್ಮನೆ ಓಡ್ತಿದೆ, ನಿಮ್ಮ ಹೊಸದು ಮಾತ್ರ ಕೂಗಿಸುತ್ತೆ. ಅಂದ್ರೆ ಹೊಸದರಲ್ಲಿ ಏನೋ ಸೇರಿಸಿದ್ದೀರಿ.” ಸೇರಿಸಿಲ್ಲ. ಹಳೇ ಫೈಲು ಎಷ್ಟೋ ಕಂಪ್ಯೂಟರಿನಲ್ಲಿ ಓಡಿ ಆಂಟಿವೈರಸ್‌ಗಳಿಗೆ ಪರಿಚಿತವಾಗಿದೆ. ನಾವು ಒಂದು ಒತ್ತಕ್ಷರ ಸರಿಮಾಡಿದರೂ ಫೈಲಿನ ಹ್ಯಾಶ್, ಅಂದರೆ ಅದರ ಬೆರಳಚ್ಚು, ಪೂರ್ತಿ ಬದಲಾಗುತ್ತದೆ. ಪರಿಚಯ ಮತ್ತೆ ಸೊನ್ನೆಯಿಂದ ಶುರು. ಸಹಿ ಇದ್ದರೆ ಆ ಪರಿಚಯ ಫೈಲಿನ ಜೊತೆ ತಯಾರಕರ ಹೆಸರಿಗೂ ಜಮೆಯಾಗುತ್ತಾ ಹೋಗುತ್ತದೆ. ನಾವೋ ಸಹಿಯಿಲ್ಲದೆ ವಾರಕ್ಕೊಂದು ತಿದ್ದುಪಡಿ ಬಿಡುತ್ತಿದ್ದೆವು. ಅದು ನಮ್ಮದೇ ತಪ್ಪು. ಇನ್ನು ಮೂರು ತಿಂಗಳಿಗೊಮ್ಮೆ ಮಾತ್ರ.

ಕೂಗಿಗೆ ಎರಡನೆಯ ಕಾರಣ ಕೀಬೋರ್ಡ್. ನೀವು ‘ಕೆ’ ಕೀಲಿ ಒತ್ತಿದಾಗ ನಮ್ಮ ತಂತ್ರಾಂಶ ಅದನ್ನು ನಡುವೆಯೇ ಹಿಡಿದು, ನುಂಗಿ, ‘ಕ’ ಕಳಿಸುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಮೊದಲರ್ಧ ಇದನ್ನೇ ಮಾಡುತ್ತದೆ: ಹಿಡಿಯುತ್ತದೆ. ಎರಡೂ ವಿಂಡೋಸ್‌ನಲ್ಲಿ ಬಳಸುವುದು ಕೀಬೋರ್ಡ್ ಹುಕ್ ಅನ್ನೇ, ಅಂದರೆ ಒತ್ತಿದ ಕೀಲಿಯನ್ನು ನಡುವೆ ಹಿಡಿಯುವ ಕೊಕ್ಕೆಯನ್ನೇ. ಇದರ ಮೇಲೆ ನಮ್ಮ ಒಂಟಿ ಫೈಲು ಜಾಗ ಉಳಿಸಲೆಂದು ಯುಪಿಎಕ್ಸ್ ಎಂಬ ತಂತ್ರಾಂಶದಿಂದ ಕುಗ್ಗಿಸಿದ್ದು, ಓಡಿಸಿದಾಗಲೆಲ್ಲ ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರಿನಲ್ಲಿ ಬಿಚ್ಚಿಕೊಂಡು ಅಲ್ಲಿಂದಲೇ ನಡೆಯುವಂಥದ್ದು. ವೈರಸ್ ಬರೆಯುವವರ ಅಭ್ಯಾಸವೂ ಅದೇ. ಮನೆ ಯಜಮಾನನೇ ಆದರೂ ರಾತ್ರಿ ಹಿತ್ತಿಲ ಗೋಡೆ ಹಾರಿ ಬಂದರೆ ನಾಯಿ ಬೊಗಳದೇ ಇರುತ್ತದೆಯೇ?

ಹೊಸದರಲ್ಲಿ ಕುಗ್ಗಿಸುವುದಿಲ್ಲ, ಟೆಂಪ್ ಇಲ್ಲ. ಫೈಲುಗಳು ಪ್ರೋಗ್ರಾಂ ಫೈಲ್ಸ್‌ನಲ್ಲೇ ಕೂರುತ್ತವೆ. ಹುಕ್ ಬದಲು, ಬೇರೆ ಭಾಷೆ ಟೈಪಿಸಲೆಂದು ವಿಂಡೋಸ್ ತಾನೇ ಕೊಡುವ ಟೆಕ್ಸ್ಟ್ ಸರ್ವೀಸಸ್ ಫ್ರೇಮ್‌ವರ್ಕ್ ಬಳಸಿದ್ದೇವೆ. ಭಾಷೆ ಬದಲಿಸಲು ವಿಂಡೋಸ್ ಕೀಲಿ ಜೊತೆ ಸ್ಪೇಸ್ ಒತ್ತಿ. ಪೇಜ್‌ಮೇಕರ್ 7ರಲ್ಲಿ ಯೂನಿಕೋಡ್ ಅಲ್ಲದ ಹಳೇ ಆಸ್ಕಿ ಫಾಂಟಿನಲ್ಲೇ ಕೆಲಸ ಮಾಡುವವರಿಗೆ ಹುಕ್ ಭಾಗ ಪ್ರತ್ಯೇಕವಾಗಿ ಸಿಗುತ್ತದೆ, ಇನ್‌ಸ್ಟಾಲ್ ವೇಳೆ ಟಿಕ್ ಹಾಕಿಕೊಳ್ಳಿ. ಅವರಿಗೆ ಕೂಗು ಕಡಿಮೆಯಾದೀತು, ನಿಂತೇಬಿಡುತ್ತದೆ ಎಂದು ಹೇಳಲಾರೆವು.

ಇನ್ನು ದುಡ್ಡು. “ಜಿಎಸ್‌ಟಿಗೆ ಇರುವ ಡಿಎಸ್‌ಸಿಯಲ್ಲೇ ಸಹಿ ಮಾಡಿ” ಅನ್ನುತ್ತೀರಿ. ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿ ಪ್ರಮಾಣಪತ್ರ, ದಾಖಲೆಗೆ ವ್ಯಕ್ತಿ ಹಾಕುವ ಸಹಿ. ತಂತ್ರಾಂಶಕ್ಕೆ ಬೇಕಾದ ಕೋಡ್ ಸೈನಿಂಗ್ ಪ್ರಮಾಣಪತ್ರವೇ ಬೇರೆ, ವರ್ಷಕ್ಕೆ ಹತ್ತಾರು ಸಾವಿರ ರೂಪಾಯಿ. 2023ರ ಜೂನ್ 1ರಿಂದ ಅದರ ಗುಪ್ತ ಕೀಲಿಯನ್ನು, ಅಂದರೆ ಸಹಿ ಹಾಕುವ ರಹಸ್ಯ ಸಂಕೇತವನ್ನು, ಕಂಪ್ಯೂಟರಿನಲ್ಲಿ ಫೈಲಾಗಿ ಇಟ್ಟುಕೊಳ್ಳುವಂತಿಲ್ಲ, ಪ್ರಮಾಣಿತ ಹಾರ್ಡ್‌ವೇರ್ ಸಾಧನದಲ್ಲೇ ಇರಬೇಕು. 2026ರ ಮಾರ್ಚ್ 1ರಿಂದ ಕೊಡುವ ಪ್ರಮಾಣಪತ್ರದ ಆಯುಸ್ಸು ಹೆಚ್ಚೆಂದರೆ 460 ದಿನ. ಮೊದಲು 39 ತಿಂಗಳವರೆಗೂ ಸಿಗುತ್ತಿತ್ತು. ಈ ನಿಯಮ ಮಾಡಿದ್ದು ನಾವಲ್ಲ. ಆ 150 ರೂಪಾಯಿ ಹೋಗುವುದು ಅಲ್ಲಿಗೆ.

ಮತ್ತೆ ಕೂಗಿದರೆ ಆಂಟಿವೈರಸ್ ಆಫ್ ಮಾಡಬೇಡಿ. ನಮ್ಮವರು ಯಾರಾದರೂ ಹಿಂದೆ ಹಾಗೆ ಹೇಳಿದ್ದರೆ ಅದು ತಪ್ಪು ಸಲಹೆ. ಮೊದಲು ಇನ್‌ಸ್ಟಾಲರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಎಂಬ ಟ್ಯಾಬ್ ಇದೆಯೇ ನೋಡಿ. ಡೀಟೇಲ್ಸ್ ಒತ್ತಿದಾಗ ನಮ್ಮ ಹೆಸರು ಬಂದು, ಸಹಿ ಸರಿಯಿದೆ ಎಂದು ತೋರಿಸಬೇಕು. ಟ್ಯಾಬೇ ಇಲ್ಲದಿದ್ದರೆ ಅದು ನಮ್ಮ ಹೊಸ ಇನ್‌ಸ್ಟಾಲರ್ ಅಲ್ಲ, ಅಳಿಸಿ. ಇದ್ದರೆ ವಿಂಡೋಸ್ ಸೆಕ್ಯುರಿಟಿಯ ಪ್ರೊಟೆಕ್ಷನ್ ಹಿಸ್ಟರಿ ತೆರೆದು, ಅಲ್ಲಿ ತೋರಿಸುವ ಬೆದರಿಕೆಯ ಹೆಸರು ಮತ್ತು ಫೈಲಿದ್ದ ಜಾಗದ ಫೋಟೋ ತೆಗೆದು ನಮಗೆ ಕಳಿಸಿ. ಹೆಸರಿನ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ, ನಂತರ ‘ಎಂಎಲ್’ ಇದ್ದರೆ ಅದು ಯಂತ್ರಕಲಿಕೆಯ ಅಂದಾಜು. ಅಂಥದ್ದನ್ನು ಸಂಬಂಧಪಟ್ಟ ಕಂಪನಿಗೆ ತಪ್ಪು ಎಚ್ಚರಿಕೆ ಎಂದು ವರದಿ ಮಾಡುವುದು ನಮ್ಮ ಕೆಲಸ.

ತುರ್ತಿದ್ದರೆ ಎಕ್ಸ್‌ಕ್ಲೂಷನ್ಸ್‌ನಲ್ಲಿ, ಅಂದರೆ ಆಂಟಿವೈರಸ್ ಪರೀಕ್ಷಿಸದೆ ಬಿಡುವ ಜಾಗಗಳ ಪಟ್ಟಿಯಲ್ಲಿ, ಪ್ರೋಗ್ರಾಂ ಫೈಲ್ಸ್ ಒಳಗಿನ ನಮ್ಮ ಫೋಲ್ಡರ್ ಒಂದನ್ನೇ ಸೇರಿಸಿ. ಕೆಲವರು ಇಡೀ ಡಿ ಡ್ರೈವನ್ನೂ ಪೆನ್‌ಡ್ರೈವಿನ ಅಕ್ಷರವನ್ನೂ ಸೇರಿಸಿದ್ದಾರೆ. ದಯವಿಟ್ಟು ಇವತ್ತೇ ತೆಗೆಯಿರಿ. ಪ್ರಿಂಟಿಗೆಂದು ಗಿರಾಕಿ ತರುವ ಪೆನ್‌ಡ್ರೈವೂ ಅದೇ ಅಕ್ಷರದಲ್ಲಿ ತೆರೆದುಕೊಳ್ಳುತ್ತದೆ. ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಬಿಡುವ ನಿಜವಾದ ವೈರಸ್ ಒಳಗೆ ಬರುವುದು ಆ ಬಾಗಿಲಿನಿಂದಲೇ.

ನಿಮ್ಮ ಹಳೇ ಲೈಸೆನ್ಸ್ ಸಂಖ್ಯೆಯೇ ಹೊಸದಕ್ಕೂ ನಡೆಯುತ್ತದೆ. ಇನ್‌ಸ್ಟಾಲ್ ಮಾಡಲು ಆಗದಿದ್ದರೆ ಫೋನ್ ಮಾಡಿ, ಜೊತೆಗಿದ್ದು ಮಾಡಿಸುತ್ತೇವೆ.

ಇಂತಿ,
ನಿಮ್ಮ ತಂತ್ರಾಂಶ ಬಳಗ