ಪಿಟ್ಸ್‌ಬರ್ಗಿನಲ್ಲಿರುವ ಸೋದರಳಿಯನಿಗೆ, ಬೇಸ್‌ಬಾಲ್ ಕಾರ್ಡು ಕೊಳ್ಳುವ ಮೊದಲು

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಬೇಸ್‌ಬಾಲ್ ಕಾರ್ಡು ಕೂಡಿಸುವವರಲ್ಲಿ ಯಾವ ಆಟಗಾರನಿಗೆ ಹೆಚ್ಚು ಬೇಡಿಕೆ ಅಂತ ಕೇಳಿದ್ದೀಯ, ಇಂಟರ್ನ್‌ಶಿಪ್ಪಿನ ಹಣದಲ್ಲಿ ಆರುನೂರು ಡಾಲರ್ ಉಳಿದಿದೆ ಅಂತಲೂ ಬರೆದಿದ್ದೀಯ. ಫೋನಿನಲ್ಲಿ ಹೇಳಿದರೆ ಹೆಸರುಗಳಷ್ಟೇ ನಿನ್ನ ತಲೆಯಲ್ಲಿ ಉಳಿದಾವು ಅಂತ ಕಾಗದ ಬರೆಯುತ್ತಿದ್ದೇನೆ. ಹೆಸರು ಅರ್ಧ ಲೆಕ್ಕ ಮಾತ್ರ ಕಣೋ. ಅದೇ ಮನುಷ್ಯನ ಯಾವ ವರ್ಷದ ಕಾರ್ಡು, ಯಾವ ನಂಬರು, ಮೂಲೆ ಎಷ್ಟು ಸವೆದಿದೆ, ಇವೆಲ್ಲ ಸೇರಿ ಉಳಿದ ಅರ್ಧ. ಕೈ ಸುಟ್ಟುಕೊಳ್ಳುವವರು ಮೊದಲರ್ಧ ಕಲಿತು ಅಂಗಡಿಗೆ ಹೋದವರೇ.

ನೀನಿರುವ ಊರಿನಿಂದಲೇ ಶುರುಮಾಡೋಣ. ಅಲ್ಲಿನ ಪೈರೇಟ್ಸ್ ತಂಡದ ಮೈದಾನ ಪಿಎನ್‌ಸಿ ಪಾರ್ಕಿನ ಹೊರಗೆ ಆ ತಂಡದ ಹಳೆಯ ಆಟಗಾರ ಹೋನಸ್ ವ್ಯಾಗ್ನರನ ಪ್ರತಿಮೆ ನೋಡಿರಬೇಕು. ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನಲ್ಲಿಟ್ಟು ಹಂಚಿದ ಕಾರ್ಡುಗಳನ್ನು ಟಿ206 ಅನ್ನುತ್ತಾರೆ. ಅದರಲ್ಲಿ ತನ್ನ ಚಿತ್ರ ಬೇಡವೆಂದು ವ್ಯಾಗ್ನರ್ ನಿಲ್ಲಿಸಿಬಿಟ್ಟ. ಮಕ್ಕಳು ಕಾರ್ಡಿನ ಆಸೆಗೆ ತಂಬಾಕು ಕೊಳ್ಳಬಾರದು ಅಂತ ಅನ್ನುವವರಿದ್ದಾರೆ, ದುಡ್ಡು ಕೊಡಲಿಲ್ಲ ಅಂತ ಅನ್ನುವವರೂ ಇದ್ದಾರೆ. ಅಂತೂ ಉಳಿದಿರುವುದು ಐವತ್ತು ಅರುವತ್ತು ಕಾರ್ಡು. 2022ರಲ್ಲಿ ಒಂದು 72.5 ಲಕ್ಷ ಡಾಲರಿಗೆ ಕೈಬದಲಾಯಿತು. ಅಸಲಿ ಕಾರ್ಡಿನ ಕೆಳಗೆ ಊರಿನ ಹೆಸರು ಕೊನೆಯ 'ಎಚ್' ಇಲ್ಲದೆ ಅಚ್ಚಾಗಿರುತ್ತದೆ, ಆ ಕಾಲದಲ್ಲಿ ಸರಕಾರಿ ಕಾಗುಣಿತವೇ ಹಾಗಿತ್ತು. 'ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು' ಅಂತ ಯಾರಾದರೂ ನಿನಗೆ ವ್ಯಾಗ್ನರನನ್ನು ತೋರಿಸಿದರೆ ನಮಸ್ಕಾರ ಹೇಳಿ ಎದ್ದು ಬಾ.

ಎರಡನೆಯವನು ಅದೇ ತಂಡದಲ್ಲಿದ್ದ ರೊಬರ್ಟೊ ಕ್ಲೆಮೆಂಟೆ. ಪಾರ್ಕಿಗೆ ನಡೆದುಹೋಗುವ ಸೇತುವೆಗೆ ಅವನದೇ ಹೆಸರು. ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದ ವಿಮಾನ ಬಿದ್ದು 1972ರ ಡಿಸೆಂಬರ್ 31ರಂದು ತೀರಿಕೊಂಡ. ಆಗ ಅವನ ಹಿಟ್‌ಗಳು ಸರಿಯಾಗಿ 3,000. ಐದು ವರ್ಷ ಕಾಯುವ ನಿಯಮ ಬದಿಗಿಟ್ಟು 1973ರಲ್ಲೇ ದೊಡ್ಡ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಇವನ ಬೇಡಿಕೆ ಪ್ರೀತಿಯಿಂದ ಬಂದದ್ದು. ಅವನ ತವರಾದ ಪೋರ್ಟೊ ರಿಕೊದವರಿಗೆ ಅವನು ಆಟಗಾರನಷ್ಟೇ ಅಲ್ಲ, ಮನೆಯ ದೇವರ ಪಟದ ಪಕ್ಕ ಇಡುವಂಥವನು. ಇಂಥ ಬೇಡಿಕೆ ಒಂದು ಕೆಟ್ಟ ಸೀಸನ್ನಿನಿಂದ ಕುಸಿಯುವುದಿಲ್ಲ, ಯಾಕೆಂದರೆ ಅವನಿಗೆ ಇನ್ನು ಕೆಟ್ಟ ಸೀಸನ್ನೇ ಇಲ್ಲ. ಮೊದಲ ಕಾರ್ಡು ಟಾಪ್ಸ್ ಅನ್ನುವ ಕಾರ್ಡು ಕಂಪನಿಯ 1955ರ ನಂ. 164, ಅದು ನಿನ್ನ ಆರುನೂರಕ್ಕೆ ನಿಲುಕುವುದಲ್ಲ. 1970ರ ದಶಕದ ಆರಂಭದ ಸವೆದ ಕಾರ್ಡುಗಳು ನೂರು ಡಾಲರೊಳಗೆ ಸಿಗುತ್ತವೆ. ಹುಡುಕುವಾಗ 'ಬಾಬ್ ಕ್ಲೆಮೆಂಟೆ' ಅಂತಲೂ ಟೈಪ್ ಮಾಡು. 1960ರ ದಶಕದ ಟಾಪ್ಸ್ ಕಾರ್ಡುಗಳ ಮೇಲೆ ಹಾಗೇ ಅಚ್ಚಾಗಿದೆ. ಎಷ್ಟೋ ಜನ ರೊಬರ್ಟೊ ಎಂದಷ್ಟೇ ಹುಡುಕಿ ಇವನ್ನು ದಾಟಿ ಹೋಗುತ್ತಾರೆ.

ಮೂರನೆಯವನು ಈಗ ಚೆಂಡೆಸೆಯುತ್ತಿರುವ ಪಾಲ್ ಸ್ಕೀನ್ಸ್. 2024ರ ಟಾಪ್ಸ್ ಕ್ರೋಮ್ ಅಪ್‌ಡೇಟ್ ಅನ್ನುವ ಸೆಟ್ಟಿನಲ್ಲಿ ಅವನ ಮೊದಲ ಪಂದ್ಯದ ಜೆರ್ಸಿಯ ಪಟ್ಟಿ ಅಂಟಿಸಿ ಹಸ್ತಾಕ್ಷರ ಹಾಕಿದ ಕಾರ್ಡು ಒಂದೇ ಒಂದು ಇತ್ತು. ಲಾಸ್ ಏಂಜಲೀಸ್ ಕಡೆಯ 11 ವರ್ಷದ ಹುಡುಗನ ಪ್ಯಾಕಿನಲ್ಲಿ ಅದು ಬಂತು. ಪೈರೇಟ್ಸ್ ತಂಡ 30 ವರ್ಷದ ಸೀಸನ್ ಟಿಕೆಟ್ ಕೊಡುತ್ತೇವೆ ಅಂದರೂ ಮನೆಯವರು ಹರಾಜಿಗೆ ಹಾಕಿದರು. 2025ರ ಮಾರ್ಚಿನಲ್ಲಿ 11.1 ಲಕ್ಷ ಡಾಲರ್ ಬಂತು. ಇದು ನಿರೀಕ್ಷೆಗೆ ಕೊಟ್ಟ ಬೆಲೆ. ಚೆಂಡೆಸೆಯುವವರ, ಅಂದರೆ ಪಿಚರುಗಳ ವಿಷಯದಲ್ಲಿ ಮಾರುಕಟ್ಟೆ ಯಾವಾಗಲೂ ಕೈ ಬಿಗಿ. ಮೊಣಕೈಯ ಲಿಗಮೆಂಟ್ ಹರಿದರೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ, ಒಂದು ವರ್ಷಕ್ಕೂ ಮೇಲೆ ಮನೆಯಲ್ಲಿ. ನೋಲನ್ ರಯನ್, ಸ್ಯಾಂಡಿ ಕೂಫ್ಯಾಕ್ಸ್‌ರಂಥ ಕೆಲವರನ್ನು ಬಿಟ್ಟರೆ ಕಾರ್ಡಿನ ಲೋಕ ಬ್ಯಾಟರುಗಳದೇ.

ಇವರ ಆಚೆ ದೇಶವೆಲ್ಲ ಕೇಳುವ ಹೆಸರುಗಳಲ್ಲಿ ಮೊದಲು ಬರುವವನು ಮಿಕಿ ಮ್ಯಾಂಟಲ್. ಅವನ 1952ರ ಟಾಪ್ಸ್ ನಂ. 311 ಕಾರ್ಡೊಂದು 2022ರ ಆಗಸ್ಟಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಇಲ್ಲಿ ಗಮನಿಸಬೇಕಾದ್ದು ಎರಡಿದೆ. ಅದು ಅವನ ರೂಕಿ ಕಾರ್ಡಲ್ಲ, ಅಂದರೆ ಹೊಸಬನಾಗಿದ್ದಾಗಿನ ಮೊದಲ ಕಾರ್ಡಲ್ಲ, ರೂಕಿ ಬೌಮನ್ ಕಂಪನಿಯ 1951ರ ನಂ. 253. ಇನ್ನೊಂದು, 311ರಿಂದ 407ರವರೆಗಿನ ನಂಬರುಗಳ ಕಂತು ಸೀಸನ್ನಿನ ಕೊನೆಗೆ ಬಂದು ಮಾರಾಟವಾಗದೆ ಉಳಿಯಿತು. 1960ರಲ್ಲಿ ಕಂಪನಿಯವರು ಪೆಟ್ಟಿಗೆಗಟ್ಟಲೆ ಬಾರ್ಜಿಗೆ ಹೇರಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ಹಾಗಾದರೆ ವಿರಳವಾದ್ದಕ್ಕೇ ಬೆಲೆ ಅಂದುಕೊಳ್ಳಬೇಡ. ಆ ಕಂತಿನಲ್ಲಿ ಮ್ಯಾಂಟಲನ ಚಿತ್ರ ಹಾಳೆಯೊಂದರಲ್ಲಿ ಎರಡು ಸಲ ಅಚ್ಚಾಗಿತ್ತು, ಅಂದರೆ ಹೆಚ್ಚಿನ ನೆರೆಹೊರೆಯ ನಂಬರುಗಳಿಗಿಂತ ಇವನೇ ಜಾಸ್ತಿ. ಆದರೂ ಅವರೆಲ್ಲರಿಗಿಂತ ಎಷ್ಟೋ ಪಟ್ಟು ದುಬಾರಿ. ನ್ಯೂಯಾರ್ಕ್ ಯಾಂಕೀಸ್, ಹೋಮ್ ರನ್ನು, ಯುದ್ಧಾನಂತರ ಹುಟ್ಟಿದ ಹುಡುಗರೆಲ್ಲರ ಬಾಲ್ಯ, ಇಷ್ಟೂ ಒಂದೇ ರಟ್ಟಿನ ಮೇಲೆ ಕೂತಿದೆ.

ಬೇಬ್ ರೂತನದು ಗೌಡಿ ಕಂಪನಿಯ 1933ರ ಸೆಟ್ಟಿನಲ್ಲಿ ನಾಲ್ಕು ಕಾರ್ಡುಗಳು, ನಂ. 53, 144, 149, 181. ಇವುಗಳಲ್ಲಿ 144 ಎರಡು ಪಟ್ಟು ಅಚ್ಚಾದದ್ದು. ಜ್ಯಾಕಿ ರಾಬಿನ್ಸನ್ನನದು ಲೀಫ್ ಕಂಪನಿಯ 1948ರ ನಂ. 79, ವಿಲ್ಲಿ ಮೇಸ್‌ನದು 1951ರ ಬೌಮನ್ ನಂ. 305. ಇವೆಲ್ಲ ಹೆಸರು ತಿಳಿದಿರಲಿ ಅಂತ ಬರೆದೆ, ಕೊಳ್ಳು ಅಂತ ಅಲ್ಲ.

ಹ್ಯಾಂಕ್ ಆರನ್ ಮಾತ್ರ ನಿನ್ನ ಕೈಗೆ ಎಟುಕುತ್ತಾನೆ. 1954ರ ನಂ. 128 ರೂಕಿ ದುಬಾರಿ. ಆದರೆ 1974ರ ಟಾಪ್ಸ್ ನಂ. 1 ನೋಡು. ಅದರ ಮೇಲೆ 'ಹೊಸ ಸಾರ್ವಕಾಲಿಕ ಹೋಮ್ ರನ್ ದೊರೆ' ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಹಿಂದಿನ ಸೀಸನ್ ಮುಗಿದಾಗ ಅವನದು 713, ರೂತನ 714 ದಾಟಿದ್ದು 1974ರ ಏಪ್ರಿಲ್ 8ರಂದು. ಅಂದರೆ ದಾಖಲೆ ಮುರಿಯುವ ಮೊದಲೇ ಕಂಪನಿ ಕಿರೀಟ ತೊಡಿಸಿಬಿಟ್ಟಿತ್ತು! ಸವೆದದ್ದಾದರೆ ಒಂದು ಊಟದ ಬಿಲ್ಲಿನಷ್ಟಕ್ಕೆ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಹೊಸಬರಿಗೆ ಇದಕ್ಕಿಂತ ಒಳ್ಳೆ ಕಾರ್ಡಿಲ್ಲ.

ಈಗ ನಲವತ್ತು ಐವತ್ತರ ವಯಸ್ಸಿನವರನ್ನು ಕೇಳಿದರೆ ಕೆನ್ ಗ್ರಿಫಿ ಜೂನಿಯರ್ ಅನ್ನುತ್ತಾರೆ, ಅಪ್ಪರ್ ಡೆಕ್ ಕಂಪನಿಯ 1989ರ ನಂ. 1. ಚಿತ್ರದಲ್ಲಿ ಅವನು ತೊಟ್ಟದ್ದು ಸ್ಯಾನ್ ಬರ್ನಾರ್ಡಿನೊ ಎಂಬ ಕಿರಿಯ ತಂಡದ ಟೊಪ್ಪಿ. ಅದರ ಬಣ್ಣ ತಿದ್ದಿ ಸಿಯಾಟಲ್ ಮ್ಯಾರಿನರ್ಸ್ ಟೊಪ್ಪಿ ಮಾಡಿದ್ದಾರೆ. ಇದು ಅಪರೂಪದ ಕಾರ್ಡಲ್ಲವೇ ಅಲ್ಲ, ಕಾರ್ಡು ಮಾರುವ ಪ್ರತಿ ಶೋನಲ್ಲೂ ಹತ್ತಾರು ಕಾಣುತ್ತವೆ. ಆದರೂ ಕೇಳುವವರು ತಪ್ಪಿಲ್ಲ. ಸರಿಸುಮಾರು 1986ರಿಂದ 1993ರವರೆಗಿನ ಕಾರ್ಡುಗಳನ್ನು 'ಜಂಕ್ ವ್ಯಾಕ್ಸ್' ಅಂತ ಕರೆಯುತ್ತಾರೆ, ಕಂಪನಿಗಳು ಮಿತಿಯಿಲ್ಲದೆ ಅಚ್ಚು ಹಾಕಿದ ಕಾಲ. ಆ ವರ್ಷಗಳ ತುಂಬಿದ ಡಬ್ಬಗಳನ್ನು ಗರಾಜ್ ಸೇಲಿನಲ್ಲಿ ಯಾರಾದರೂ ಪುಕ್ಕಟೆ ಕೊಟ್ಟರೂ ಹೊರುವ ಕೂಲಿ ಗಿಟ್ಟದು. ಎದ್ದು ಬಂದವು ಕೆಲವೇ, ಗ್ರಿಫಿ ಒಂದು, 1993ರ ಎಸ್‌ಪಿ ಸೆಟ್ಟಿನ ನಂ. 279 ಡೆರೆಕ್ ಜೀಟರ್ ಇನ್ನೊಂದು. ಜೀಟರ್ ಕಾರ್ಡಿನ ಹೊಳಪು ಫಾಯಿಲ್ ಅಂಚಿನಲ್ಲಿ ಪ್ಯಾಕ್ ಒಡೆಯುವಾಗಲೇ ಸಿಪ್ಪೆ ಏಳುತ್ತದೆ. ಅದಕ್ಕೇ ಕಾರ್ಡಿನ ಸ್ಥಿತಿ ನೋಡಿ ಕೊಡುವ ದರ್ಜೆಗಳಲ್ಲಿ ಎಲ್ಲಕ್ಕೂ ಮೇಲಿನ 10 ಸಿಕ್ಕವು ತೀರಾ ಕಡಿಮೆ.

ಈಗಿನವರಲ್ಲಿ ಶೊಹೇ ಓಟಾನಿಯನ್ನು ಬಿಟ್ಟರೆ ಉಳಿದವರೆಲ್ಲ ಆಮೇಲೆ. ಎಸೆಯುತ್ತಾನೆ, ಹೊಡೆಯುತ್ತಾನೆ, 2024ರಲ್ಲಿ ಒಂದೇ ಸೀಸನ್ನಿನಲ್ಲಿ 50 ಹೋಮ್ ರನ್, 50 ಸ್ಟೀಲ್ (ಬೇಸ್ ಕದ್ದು ಓಡುವುದು) ಎರಡನ್ನೂ ದಾಟಿದ ಮೊದಲಿಗನಾದ. ಜಪಾನಿನಿಂದಲೂ ಕೊಳ್ಳುತ್ತಾರೆ, ಅದಕ್ಕೇ ಬೆಲೆ ಗಟ್ಟಿ. 2018ರ ಟಾಪ್ಸ್ ನಂ. 700, ಅದೇ ವರ್ಷದ ಅಪ್‌ಡೇಟ್ ಸೆಟ್ಟಿನ ಯುಎಸ್1, ಇವೆರಡು ಸಾಮಾನ್ಯರಿಗೆ ಸಿಗುವ ರೂಕಿಗಳು. ಏರನ್ ಜಡ್ಜನದು 2017ರ ಟಾಪ್ಸ್ ನಂ. 287. ಮೈಕ್ ಟ್ರೌಟನ 2011ರ ಅಪ್‌ಡೇಟ್ ಯುಎಸ್175 ಒಂದು ಕಾಲಕ್ಕೆ ಎಲ್ಲರ ಬಾಯಲ್ಲಿತ್ತು. ಅವನದೇ ಬೇರೊಂದು, ಒಂದೇ ಪ್ರತಿಯ ಕಾರ್ಡು 2020ರಲ್ಲಿ 39.36 ಲಕ್ಷ ಡಾಲರಿಗೆ ಹೋಗಿತ್ತು. ಆಮೇಲೆ ಗಾಯದ ಮೇಲೆ ಗಾಯ, ಬೆಲೆಯೂ ಇಳಿಯಿತು. ಮೂರು ಸಲ ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ಆಟಗಾರ ಆದವನ ಗತಿಯೇ ಹೀಗಾದರೆ ಇನ್ನೂ ಮೇಜರ್ ಲೀಗನ್ನೇ ಕಾಣದ ಹುಡುಗನ '1ಸ್ಟ್ ಬೌಮನ್' ಕಾರ್ಡಿಗೆ ನೂರಾರು ಸುರಿಯುವುದು ಮಳೆ ನಂಬಿ ಸಾಲ ಮಾಡಿದ ಹಾಗೆ. ಅದು ರೂಕಿ ಕಾರ್ಡೂ ಅಲ್ಲ. ರೂಕಿ ಅಂದರೆ 2006ರಿಂದ ಈಚಿನವುಗಳಲ್ಲಿ 'ಆರ್‌ಸಿ' ಮುದ್ರೆ ಇರಬೇಕು. ನಿನ್ನ ರೂಮಿನ ಹುಡುಗರು ಕುಮಾರ್ ರಾಕರ್ ಅನ್ನುವ ಪಿಚರನ ಕಾರ್ಡು ಕೊಳ್ಳೋಣ ಅನ್ನುತ್ತಿದ್ದಾರೆ ಅಂದೆಯಲ್ಲ. ತಾಯಿ ಕಡೆಯಿಂದ ನಮ್ಮ ದೇಶದ ಮೂಲ, ಹೆಸರೂ ನಮ್ಮದೇ. ಪ್ರೀತಿಗೆ ಒಂದು ಇಟ್ಟುಕೊಳ್ಳಿ, ಲೆಕ್ಕದ ಪುಸ್ತಕಕ್ಕೆ ಸೇರಿಸಬೇಡಿ.

ಇನ್ನು ಕಾರ್ಡನ್ನು ಕೈಗೆತ್ತಿಕೊಂಡು ನೋಡುವುದು. ಮಿಲಿಮೀಟರ್ ಸ್ಕೇಲು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಫೋನಿನ ಟಾರ್ಚು, ಇಷ್ಟು ಸಾಕು. ಗ್ರಿಫಿ ಕಾರ್ಡನ್ನೇ ತೊಗೊ. ಎಡದ ಬಿಳಿ ಅಂಚು 3 ಮಿ.ಮೀ., ಬಲದ್ದು 2 ಬಂದರೆ ಒಟ್ಟು 5ರಲ್ಲಿ 3, ಅಂದರೆ 60/40. ದರ್ಜೆ ಹಾಕುವ ಕಂಪನಿ ಪಿಎಸ್‌ಎ 10 ಕೊಡಬೇಕಾದರೆ ಮುಂಬದಿ ಸುಮಾರು 55/45ರೊಳಗೆ ಇರಬೇಕು, ಹಿಂಬದಿ 75/25. ಆದ್ದರಿಂದ ಈ ಕಾರ್ಡು ಎಷ್ಟೇ ಹೊಳೆದರೂ ಹತ್ತಾಗುವುದಿಲ್ಲ, ಮಾರುವವನು ಹತ್ತರ ಬೆಲೆ ಹೇಳಿದರೆ ಸ್ಕೇಲು ತೋರಿಸು. ಮೇಲೆ ಕೆಳಗೂ ಅಳೆ. ಆಮೇಲೆ ಕಾರ್ಡನ್ನು ಓರೆ ಮಾಡಿ ಟಾರ್ಚ್ ಬಿಡು. ನೇರ ಬೆಳಕಿನಲ್ಲಿ ಕಾಣದ ಗೀರು, ಉಗುರಿನ ಗುರುತು ಆಗ ಕೂದಲೆಳೆಯ ಹಾಗೆ ಎದ್ದು ಕಾಣುತ್ತದೆ. ತಿರುಗಿಸಿದರೆ ಹಿಂಬದಿಯಲ್ಲಿ ಚಿಕ್ಕ ಹೊಲೊಗ್ರಾಮ್ ಇರಬೇಕು, ಅಲುಗಿಸಿದಾಗ ಬೆಳಕು ಬದಲಾಗಬೇಕು. ನಕಲಿಯಲ್ಲಿ ಅದು ಬರೀ ಬೂದು ಮಚ್ಚೆ.

ಹಳೆಯ ಕಾರ್ಡಿನಲ್ಲಿ ಭೂತಗನ್ನಡಿಯನ್ನು ಕಪ್ಪು ಅಕ್ಷರದ ಮೇಲಿಡು. ಅಸಲಿಯಲ್ಲಿ ಕಪ್ಪು ಶಾಯಿ ಗಟ್ಟಿ ಗೆರೆಯಾಗಿ ಕೂತಿರುತ್ತದೆ. ಫೋಟೊ ತೆಗೆದು ಮತ್ತೆ ಅಚ್ಚು ಹಾಕಿದ್ದರಲ್ಲಿ ಅಕ್ಷರವೂ ಚುಕ್ಕಿ ಚುಕ್ಕಿ. ಅಳತೆಯೂ ಸಾಕ್ಷಿ ಹೇಳುತ್ತದೆ. 1952ರ ಟಾಪ್ಸ್ 2⅝ ಇಂಚು ಅಗಲ, 3¾ ಇಂಚು ಎತ್ತರ. ಟಾಪ್ಸ್ ಈಗಿನ 2½ × 3½ ಅಳತೆಗೆ ಬಂದದ್ದು 1957ರಲ್ಲಿ. 1983ರಲ್ಲಿ ಕಂಪನಿಯೇ ಮರುಮುದ್ರಿಸಿದ 1952ರ ಸೆಟ್ ಚಿಕ್ಕ ಅಳತೆಯದು. ಅದರ ಮ್ಯಾಂಟಲನ್ನು ಫೋಟೊದಲ್ಲಷ್ಟೇ ನೋಡಿ ಮರುಳಾದವರಿದ್ದಾರೆ. ಅಳತೆ ಕೂದಲಷ್ಟು ಕಮ್ಮಿ ಬಂದು ಅಂಚು ಬ್ಲೇಡಿನಿಂದ ಕೊಯ್ದ ಹಾಗೆ ಚೂಪಾಗಿದ್ದರೆ ಯಾರೋ ಸವೆದ ಅಂಚನ್ನು ಕತ್ತರಿಸಿದ್ದಾರೆ ಅಂತಲೇ ಲೆಕ್ಕ. 8 ದರ್ಜೆ ಪಡೆದು 2007ರಲ್ಲಿ 28 ಲಕ್ಷ ಡಾಲರಿಗೆ ಹೋದ ವ್ಯಾಗ್ನರ್ ಕಾರ್ಡೇ ಹೀಗೆ ಕತ್ತರಿಸಿದ್ದು ಅಂತ 2013ರಲ್ಲಿ ನ್ಯಾಯಾಲಯದಲ್ಲಿ ಹೊರಬಂತು. ಪ್ಲಾಸ್ಟಿಕ್ ಡಬ್ಬಿಯ ಮೇಲೆ ದರ್ಜೆ ಬರೆದ ಚೀಟಿಯೇ ವೇದವಾಕ್ಯವಲ್ಲ.

ಗ್ರೇಡಿಂಗಿಗೆ, ಅಂದರೆ ದರ್ಜೆ ಹಾಕಿಸಲು ಕಳಿಸುವ ಆತುರ ಬೇಡ. ಲೆಕ್ಕ ಹಾಕುವಾಗ 10 ಬರುತ್ತದೆ ಅಂತ ಅಲ್ಲ, 9 ಬಂದರೆ ಏನು ಅಂತ ಹಾಕು. 9ರ ಬೆಲೆಯಿಂದ ಶುಲ್ಕ, ಹೋಗಿಬರುವ ಅಂಚೆ, ವಿಮೆ ಕಳೆದ ಮೇಲೂ ಕಾರ್ಡಿನ ಅಸಲು ಹುಟ್ಟದಿದ್ದರೆ ಮನೆಯಲ್ಲೇ ಇರಲಿ. ಬೆಲೆ ನೋಡುವುದು ಇಬೇಯಲ್ಲಿ 'ಮಾರಾಟವಾದವು' ಅನ್ನುವ ಪಟ್ಟಿಯಲ್ಲಿ. ಕೇಳುತ್ತಿರುವ ಬೆಲೆಯನ್ನು ಯಾರು ಬೇಕಾದರೂ ಬರೆದಾರು. ಅದೇ ದರ್ಜೆಯ ಕೊನೆಯ ಐದು ಮಾರಾಟ ತೆಗೆದು, ಅತಿ ಹೆಚ್ಚು ಅತಿ ಕಡಿಮೆ ಬಿಟ್ಟು, ಉಳಿದ ಮೂರರ ಸರಾಸರಿ ಹಿಡಿ.

ಇಡುವ ಕ್ರಮ ಹೇಳುತ್ತೇನೆ. ಕೈ ತೊಳೆದು ಒರೆಸಿಕೊ, ಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿ. ಮೊದಲು ಪೆನ್ನಿ ಸ್ಲೀವ್ ಅನ್ನುವ ತೆಳು ಪ್ಲಾಸ್ಟಿಕ್ ಚೀಲ, ಅದರ ಬಾಯಿಯ ಒಂದು ಮೂಲೆಯನ್ನು ಕತ್ತರಿಯಿಂದ ಚೂರು ಓರೆಯಾಗಿ ಕತ್ತರಿಸಿಕೊಂಡರೆ ಕಾರ್ಡಿನ ಮೂಲೆ ತಾಗದೆ ಒಳಗಿಳಿಯುತ್ತದೆ. ಸ್ಲೀವ್ ಸಮೇತ ಟಾಪ್‌ಲೋಡರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ. ಮಾಮೂಲಿ ಕಾರ್ಡಿಗೆ 35 ಪಾಯಿಂಟ್ ದಪ್ಪದ್ದು ಸಾಕು, ಜೆರ್ಸಿ ತುಂಡಿನ ದಪ್ಪ ಕಾರ್ಡಿಗೆ 130. ಸ್ಲೀವ್ ಇಲ್ಲದೆ ಬರೀ ಟಾಪ್‌ಲೋಡರಿಗೆ ಹಾಕಿದರೆ ಒಳಗೆ ಜಾರಾಡಿ ನಾಲ್ಕು ಮೂಲೆಯೂ ಮೊಂಡಾಗುತ್ತವೆ. ರಬ್ಬರ್ ಬ್ಯಾಂಡ್ ಮುಟ್ಟಲೇಬೇಡ. ಹಳೆಯ ಪಿವಿಸಿ ಆಲ್ಬಮ್ ಹಾಳೆಗಳು ಕಾಲಕ್ರಮದಲ್ಲಿ ಜಿಡ್ಡು ಬಿಟ್ಟು ಕಾರ್ಡಿಗೆ ಅಂಟುತ್ತವೆ, ಪಾಲಿಪ್ರೊಪಿಲಿನ್ ಹಾಳೆಯನ್ನೇ ಕೇಳು. ಲೋಹದ ಹಾಗೆ ಹೊಳೆಯುವ ಕ್ರೋಮ್ ಕಾರ್ಡುಗಳು ತೇವಕ್ಕೆ ಹಪ್ಪಳದ ಹಾಗೆ ಬಾಗುತ್ತವೆ. ಬೇಸ್‌ಮೆಂಟ್, ಕಿಟಕಿಯ ಪಕ್ಕ, ಹೀಟರಿನ ಮೇಲೆ ಬೇಡ. ನಿನ್ನ ರೂಮಿನ ಬಟ್ಟೆಯ ಬೀರುವಿನ ನಡುವಿನ ಅರೆ ಸಾಕು.

ಆರುನೂರನ್ನು ನಾನಾದರೆ ಹೀಗೆ ಹಂಚುತ್ತೇನೆ. ಮೂವತ್ತು ಡಾಲರ್ ಸ್ಲೀವು, ಟಾಪ್‌ಲೋಡರು, ಭೂತಗನ್ನಡಿಗೆ. ಕ್ಲೆಮೆಂಟೆಯ 1960ರ ದಶಕದ್ದೊಂದು, ಸವೆದದ್ದಾದರೂ ಮಡಿಕೆ ಬಿದ್ದಿರಬಾರದು, ಮುಖದ ಮೇಲೆ ಪೆನ್ನಿನ ಗೀಟು ಇರಬಾರದು. ಅದಕ್ಕೆ ಇನ್ನೂರರವರೆಗೆ. 1974ರ ಆರನ್. ಗ್ರೇಡಾಗದ ಗ್ರಿಫಿ. ಓಟಾನಿಯ ಯುಎಸ್1 ಅಥವಾ ಸ್ಕೀನ್ಸನ ಸಾದಾ ರೂಕಿ, ಎರಡರಲ್ಲಿ ಒಂದು. ಉಳಿದದ್ದು ಕೈಯಲ್ಲಿರಲಿ, ಶೋ ಮುಗಿಯುವ ಭಾನುವಾರ ಸಂಜೆ ಗಂಟು ಕಟ್ಟುವ ಹೊತ್ತಿಗೆ ವ್ಯಾಪಾರಿಗಳು ಇಳಿಯುತ್ತಾರೆ. ಸೀಲಾದ ಡಬ್ಬಕ್ಕೆ ಒಂದು ಕಾಸೂ ಬೇಡ. ಎಷ್ಟು ಪ್ಯಾಕಿಗೆ ಒಂದು ಅಪರೂಪದ ಕಾರ್ಡು ಅಂತ ಕಂಪನಿಯವರೇ ಹೇಳಿರುತ್ತಾರೆ, ಕೊಳ್ಳಲೇಬೇಕೆನಿಸಿದರೆ ಮೊದಲು ಅದನ್ನು ಓದು.

ಕ್ಲೆಮೆಂಟೆ ಕಾರ್ಡಿಗೆ ದುಡ್ಡು ಕೊಡುವ ಮೊದಲು ಎರಡು ಫೋಟೊ ಕಳಿಸು, ಮುಂದೆ ಹಿಂದೆ, ಸ್ಲೀವಿನಿಂದ ಹೊರಗೆ ತೆಗೆದು, ಪಕ್ಕದಲ್ಲಿ ಸ್ಕೇಲು ಇಟ್ಟು. ಫ್ಲ್ಯಾಶ್ ಹಾಕಬೇಡ, ಕಿಟಕಿಯ ಬೆಳಕು ಸಾಕು. ತೆಗೆಯಲು ಮಾರುವವನು ಒಪ್ಪದಿದ್ದರೆ ನನಗೆ ಫೋಟೊ ಕಳಿಸುವ ಅಗತ್ಯವೇ ಇಲ್ಲ.

ಅಮ್ಮನಿಗೆ ಫೋನು ಮಾಡುತ್ತಿರು.

ಇಂತಿ ನಿನ್ನ ಮಾವ