ಕೋಸಿನ ಹೊಲದ ಪಕ್ಕ ಒಂದು ರನ್‌ವೇ

ಪ್ರೀತಿಯ ಗೆಳೆಯಾ,

ಕ್ಯಾಲಿಫೋರ್ನಿಯಾ ಕರಾವಳಿಯ ಹಾಫ್ ಮೂನ್ ಬೇಗೆ ಹೋಗ್ತೀನಿ ಅಂದಾಗ ನೀನು ಸಮುದ್ರದ ಫೋಟೋ ಕೇಳಿದ್ದೆ. ಸಮುದ್ರ ಕಾಣಲಿಲ್ಲ ಮಾರಾಯ. ಬೆಳಿಗ್ಗೆಯಿಂದ ಬರೀ ಮಂಜು. ಬದಲಿಗೆ ಅಲ್ಲಿನ ಪುಟ್ಟ ವಿಮಾನ ನಿಲ್ದಾಣದ ಬೇಲಿ ಪಕ್ಕ ಕಾರು ನಿಲ್ಲಿಸಿ, ಪುಳಿಯೋಗರೆ ತಿಂದು ಬಂದೆವು.

ಈ ನಿಲ್ದಾಣ ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು 20 ಮೈಲಿ ದಕ್ಷಿಣಕ್ಕೆ, ಹೆದ್ದಾರಿಗೆ ಅಂಟಿಕೊಂಡೇ ಇದೆ. ಟಿಕೆಟ್ ಕೌಂಟರ್ ಇಲ್ಲ, ಕಂಟ್ರೋಲ್ ಟವರ್ ಕೂಡ ಇಲ್ಲ. 'ನಾನು ಇಳೀತಾ ಇದ್ದೀನಿ' ಅಂತ ಪೈಲಟ್‌ಗಳೇ ರೇಡಿಯೋದಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಇಳಿಯುತ್ತಾರೆ. ಸುತ್ತ ಬ್ರಸೆಲ್ಸ್ ಸ್ಪ್ರೌಟ್ಸ್ ಅನ್ನೋ, ಗೋಲಿಗಿಂತ ಸ್ವಲ್ಪ ದೊಡ್ಡ ಕೋಸು ಬೆಳೆಯುವ ಹೊಲ. ಆದರೆ ರನ್‌ವೇ ನೋಡು: 5000 ಅಡಿ ಉದ್ದ, 150 ಅಡಿ ಅಗಲ! ಜಂಬೋ ಜೆಟ್ ಇಳಿಯುವ ಎಷ್ಟೋ ರನ್‌ವೇಗಳ ಅಗಲವೂ ಇಷ್ಟೇ. ಇಲ್ಲಿ ಇಳಿಯುವುದೋ, ನಾಲ್ಕು ಸೀಟಿನ ಪುಟ್ಟ ಸೆಸ್ನಾ ವಿಮಾನ. ಇದು ನನ್ನ ತಲೆ ಕೊರೆಯಿತು.

ಕಾರಣ ಯುದ್ಧ. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ದಾಳಿ ಆಯ್ತಲ್ವಾ, ಮರು ಫೆಬ್ರವರಿಯಲ್ಲೇ ಜಪಾನಿನ ಸಬ್‌ಮರೀನ್ ಒಂದು ಸಾಂಟಾ ಬಾರ್ಬರಾ ಹತ್ತಿರದ ಎಣ್ಣೆ ಬಾವಿಗಳ ಮೇಲೆ ಗುಂಡು ಹಾರಿಸಿತು. ಹಾನಿ ಕಡಿಮೆ, ಹೆದರಿಕೆ ಜಾಸ್ತಿ. ಅದೇ 1942ರಲ್ಲಿ ಇಲ್ಲಿ ರನ್‌ವೇ ಎದ್ದಿತು, ಸಲೀನಾಸ್ ಸೇನಾ ವಾಯುನೆಲೆಗೆ ಪೂರಕವಾಗಿ. ತಮಾಷೆ ಏನಂದ್ರೆ, ಕಟ್ಟಿದ್ದು ಕ್ಯಾಲಿಫೋರ್ನಿಯಾದ ರಸ್ತೆ ಇಲಾಖೆ! ಯುದ್ಧ ಮುಗಿಯುವ ಹೊತ್ತಿಗೆ ನೌಕಾಪಡೆಗೆ ಹೋಯಿತು. 1947ರಲ್ಲಿ ಸ್ಯಾನ್ ಮಟಿಯೋ ಕೌಂಟಿಗೆ ಸೇರಿತು.

ಆಮೇಲೆ ಊರು ಅದನ್ನು ತನ್ನದು ಮಾಡಿಕೊಂಡಿತು. ಈ ನೆಲದ ಬಾವಿಗಳಿಂದ ಪಕ್ಕದ ಊರುಗಳಿಗೆ ಕುಡಿಯುವ ನೀರು ಹೋಗುತ್ತದೆ. ರನ್‌ವೇ ಮೇಲೆ ಹಳೇ ಕಾರುಗಳ ಜಾತ್ರೆಯೂ ನಡೆದಿದೆ. ಉತ್ತರಕ್ಕೆ ಡೆವಿಲ್ಸ್ ಸ್ಲೈಡ್ ಅಂತ ಒಂದು ಗುಡ್ಡ. ಹೆಸರೇ ಹೇಳುತ್ತೆ. 1995ರಲ್ಲಿ, 2006ರಲ್ಲಿ ಅದು ಜರಿದು ಹೆದ್ದಾರಿ ತಿಂಗಳುಗಟ್ಟಲೆ ಬಂದ್. ನಮ್ಮ ಶಿರಾಡಿ ಘಾಟಿಯ ಕಥೆಯೇ ಅನ್ನು. ಅದನ್ನು ತಪ್ಪಿಸಿ ಹೋಗುವ ಸುರಂಗ ತೆರೆದದ್ದು 2013ರಲ್ಲಿ. ಅಂಥ ಜಾಗದಲ್ಲಿ, ರಸ್ತೆ ಮುಚ್ಚಿದರೂ ಒಂದು ರನ್‌ವೇ ಇದೆ ಅನ್ನುವುದು ಊರಿಗೆ ಸಣ್ಣ ಧೈರ್ಯವಲ್ಲ.

ಈಗ ನಿಲ್ದಾಣಕ್ಕೆ ಎಡ್ಡಿ ಆಂಡ್ರೀನಿ ಹೆಸರಿದೆ. ಇಲ್ಲಿಯವನೇ, ಏರ್‌ಶೋ ಪೈಲಟ್. 2014ರಲ್ಲಿ ಪ್ರದರ್ಶನ ಕೊಡುತ್ತಲೇ ವಿಮಾನ ಬಿದ್ದು ತೀರಿಕೊಂಡ.

ಹನ್ನೆರಡರ ಹೊತ್ತಿಗೆ ಮಂಜು ಸ್ವಲ್ಪ ಸರಿಯಿತು. ಎಲ್ಲಿಂದಲೋ ಬಿಳಿ ಸೆಸ್ನಾ ಒಂದು ಬಂದು ಇಳಿಯಿತು. ಕಾಲು ಭಾಗ ರನ್‌ವೇಯೂ ಅದಕ್ಕೆ ಬೇಕಾಗಲಿಲ್ಲ. ಉಳಿದದ್ದರ ಮೇಲೆ ಸುಮ್ನೆ ಉರುಳಿಕೊಂಡು ಹೋಯಿತು, ಖಾಲಿ ಮೈದಾನದಲ್ಲಿ ಹುಡುಗ ಸೈಕಲ್ ತುಳಿದ ಹಾಗೆ. ಮಗಳು ಕೈ ಬೀಸಿದಳು. ಪೈಲಟ್ಟೂ ಬೀಸಿದ.

ನೀನು ಬಂದಾಗ ಕರೆದುಕೊಂಡು ಹೋಗ್ತೀನಿ. ಬೇಸಿಗೆ ಅಂತ ನಂಬಬೇಡ, ಸ್ವೆಟರ್ ತಾ.

ನಿನ್ನ ಗೆಳೆಯ