ನಿಲ್ಲಿಸೋದು ಕಲಿಸಿದವರಿಗೆ

ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ ನಡೆದ ಕಾರು ಸ್ಪರ್ಧೆಯಿಂದ ಬಂದು ಫೋಟೊ ಹಾಕಿದ್ದೇ ಹಾಕಿದ್ದು, ಎಲ್ಲರದ್ದೂ ಒಂದೇ ಪ್ರಶ್ನೆ: "ಎಷ್ಟು ಸ್ಪೀಡ್ ಹೋದೆ?" ಹೇಳಿಕೊಳ್ಳುವಷ್ಟು ಸ್ಪೀಡೇನೂ ಹೋಗಿಲ್ಲ. ನಾನು ಖುಷಿಪಟ್ಟಿದ್ದು ಬೇರೆ ವಿಷಯಕ್ಕೆ. ಹೇಳಿದ ಜಾಗದಲ್ಲೇ ಕಾರು ನಿಂತಿತು. ಅದಕ್ಕೆ ಕಾರಣರಾದವರು ಬಹಳ ಜನ ಇದ್ದಾರೆ. ಒಬ್ಬೊಬ್ಬರಿಗೆ ಫೋನ್ ಮಾಡಿ ಹೇಳಿದರೆ ಮಾತು ಎಲ್ಲೆಲ್ಲೋ ಹೋಗುತ್ತದೆ. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದಲ್ಲಿ ಆಪ್ಟಿಮಾ ಅಲ್ಟಿಮೇಟ್ ಸ್ಟ್ರೀಟ್ ಕಾರ್ ಅಂತ ಒಂದು ಸರಣಿ ಇದೆ. ಟ್ರೇಲರ್ ಮೇಲೆ ಬರುವ ರೇಸ್ ಕಾರುಗಳಿಗಲ್ಲ, ರಸ್ತೆಯಲ್ಲಿ ಓಡಾಡುವ ಕಾರುಗಳಿಗೆ. ವಾರಾಂತ್ಯದ ಸ್ಪರ್ಧೆಯಲ್ಲಿ ಟ್ರ್ಯಾಕ್ ಓಟ, ಆಟೋಕ್ರಾಸ್ (ಪ್ಲಾಸ್ಟಿಕ್ ಕೋನ್ ಇಟ್ಟು ಮಾಡಿದ ದಾರಿಯಲ್ಲಿ ಒಬ್ಬೊಬ್ಬರಾಗಿ ಓಡಿಸುವುದು), ಊರಿನ ರಸ್ತೆಯಲ್ಲಿ ಒಂದು ಸುತ್ತು, ಕಾರಿನ ವಿನ್ಯಾಸಕ್ಕೆ ಅಂಕ ಎಲ್ಲ ಇರುತ್ತದೆ. ಅದರಲ್ಲೇ ಒಂದು ಭಾಗ ಸ್ಪೀಡ್ ಸ್ಟಾಪ್. ನಿಂತಲ್ಲಿಂದ ಜೋರಾಗಿ ಹೊರಡಬೇಕು, ಕೋನ್‌ಗಳ ನಡುವೆ ನುಗ್ಗಬೇಕು, ಕೊನೆಗೆ ಕೋನ್‌ಗಳಿಂದಲೇ ಮಾಡಿದ ಒಂದು ಪೆಟ್ಟಿಗೆಯೊಳಗೆ ಪೂರ್ತಿ ನಿಲ್ಲಬೇಕು. ಕೋನ್ ಬಿದ್ದರೆ ದಂಡ. ಪೆಟ್ಟಿಗೆ ದಾಟಿ ಹೋದರೆ ಆ ಓಟ ಹೋದಂತೆ.

ಟೈರಿಗೂ ನಿಯಮ ಇದೆ. ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ನಂಬರ್ ಬರೆದಿರುತ್ತದೆ ನೋಡಿ, ಅದು 200ಕ್ಕಿಂತ ಕಡಿಮೆ ಇರುವಂತಿಲ್ಲ. ನಂಬರ್ ಇಳಿದಷ್ಟೂ ರಬ್ಬರ್ ಮೆದು, ಹಿಡಿತ ಜಾಸ್ತಿ, ಬಾಳಿಕೆ ಕಡಿಮೆ. ಈ ನಿಯಮ ನನಗೆ ಬಹಳ ಇಷ್ಟ. ಇಲ್ಲದಿದ್ದರೆ ದುಡ್ಡಿದ್ದವರು ಅಂಟಿನಂಥ ಟೈರ್ ಹಾಕಿಕೊಂಡು ಬಂದು ಗೆದ್ದು ಹೋಗುತ್ತಿದ್ದರು.

ಮೊದಲ ಥ್ಯಾಂಕ್ಸ್ ನಮ್ಮ ಗ್ಯಾರೇಜ್ ಅಣ್ಣನಿಗೆ. ಅವರು ಮೆಕ್ಸಿಕೊ ಮೂಲದವರು. ನಾಶ್‌ವಿಲ್‌ನಲ್ಲಿ ಮನೆ ಹಿಂದಿನ ಶೆಡ್‌ನಲ್ಲಿ ಕೆಲಸ ಮಾಡುತ್ತಾರೆ. ನನ್ನದು ಸೆಕೆಂಡ್ ಹ್ಯಾಂಡ್ ಫೋರ್ಡ್ ಮಸ್ಟಾಂಗ್ ಜಿಟಿ. 5 ಲೀಟರ್ ಇಂಜಿನ್, 435 ಅಶ್ವಶಕ್ತಿ, ತೂಕ ಹತ್ತಿರ ಹತ್ತಿರ 1,700 ಕಿಲೊ. ನಾನು ಅವರ ಹತ್ತಿರ ಹೋಗಿದ್ದು ಇನ್ನೂ ಸ್ವಲ್ಪ ಪವರ್ ಬೇಕು ಅಂತ. ಅವರು ಬಾನೆಟ್ ತೆಗೆದರು. ಇಂಜಿನ್ ಕಡೆ ನೋಡಲೇ ಇಲ್ಲ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಬಿಚ್ಚಿ, ಟಾರ್ಚ್ ಹಾಕಿ, "ಇದು ಯಾವಾಗ ಬದಲಾಯಿಸಿದ್ದು?" ಅಂದರು. ಹಿಂದಿನ ಮಾಲೀಕರು ಕೊಟ್ಟ ಗ್ಯಾರೇಜ್ ಬಿಲ್ಲಿನಲ್ಲಿ ಹೊಸ ಆಯಿಲ್ ಅಂತ ಬರೆದಿತ್ತು. ಒಳಗಿದ್ದದ್ದು ಕಡು ಕಂದು.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನಂಶ ಎಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ಮಾನದಂಡ. ನೀರು ಸೇರಿದ ಮೇಲೆ ಆ ಮಾನದಂಡ 155ಕ್ಕೆ ಇಳಿಯುತ್ತದೆ. ಆಯಿಲ್ ಕುದ್ದರೆ ಪೈಪಿನೊಳಗೆ ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಆಯಿಲ್ ಕುಗ್ಗಲ್ಲ. ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲಲ್ಲ. ಇಷ್ಟು ಹೇಳಿ ಅಣ್ಣ ಒಂದು ಚೀಟಿ ಕೈಗಿಟ್ಟರು. ಅದರಲ್ಲಿ ಪವರ್‌ಗೆ ಸಂಬಂಧಪಟ್ಟ ಒಂದು ಸಾಮಾನೂ ಇರಲಿಲ್ಲ. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಟೈರ್, ಅಷ್ಟೇ.

ಅವರು ಹೇಳಿದ ಒಂದು ಲೆಕ್ಕವನ್ನು ನಾನು ಮನೆಗೆ ಬಂದು ಮತ್ತೆ ಮಾಡಿ ನೋಡಿದೆ. ಈ ಕಾರನ್ನು ಗಂಟೆಗೆ 100 ಕಿಲೊಮೀಟರ್ ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಿದರೆ ಹುಟ್ಟುವ ಶಾಖದಲ್ಲಿ ಎರಡು ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಕೆಲವೇ ಸೆಕೆಂಡಿನಲ್ಲಿ! ಅದರಲ್ಲಿ ಹೆಚ್ಚು ಪಾಲು ಮುಂದಿನ ಎರಡು ಡಿಸ್ಕ್‌ಗೇ ಬೀಳುತ್ತದೆ, ಯಾಕೆಂದರೆ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ವೇಗ ಎರಡರಷ್ಟಾದರೆ ನಿಲ್ಲುವ ದೂರ ನಾಲ್ಕರಷ್ಟು. ಹೈಸ್ಕೂಲಿನಲ್ಲಿ ಈ ಸೂತ್ರ ಉರು ಹೊಡೆದಿದ್ದೆ. ಅರ್ಥ ಆಗಿದ್ದು ಈಗ.

ಎರಡನೆಯದು ನನ್ನ ಹೆಂಡತಿಗೆ. ಬ್ರೇಕ್ ಆಯಿಲ್ ಬದಲಾಯಿಸಿ ಪೈಪಿನೊಳಗಿನ ಏರ್ ತೆಗೆಯುವ ಕೆಲಸ ಒಬ್ಬರಿಗೆ ಕಷ್ಟ. ಅವಳು ಒಳಗೆ ಕೂತು ಪೆಡಲ್ ಒತ್ತಿದಳು, ನಾನು ಚಕ್ರದ ಹತ್ತಿರ ಅಂಗಾತ ಮಲಗಿ ಏರ್ ಹೊರಬಿಡುವ ನಿಪ್ಪಲ್ ಬಿಚ್ಚಿದೆ. "ಒತ್ತು. ಹಿಡ್ಕೊ. ಬಿಡು." ಪಾರದರ್ಶಕ ಪೈಪಿನಲ್ಲಿ ಸಣ್ಣ ಸಣ್ಣ ಗುಳ್ಳೆ ಬರುತ್ತಿತ್ತು. ನಾಲ್ಕು ಚಕ್ರ ಮುಗಿಯುವ ಹೊತ್ತಿಗೆ ರಾತ್ರಿ ಊಟದ ಸಮಯ ದಾಟಿತ್ತು. ನನಗೆ ಸಾಕು ಅನಿಸಿತ್ತು. ಅವಳು ಬಿಡಲಿಲ್ಲ. "ಪೆಡಲ್ ಇನ್ನೂ ಸ್ವಲ್ಪ ಮೆತ್ತಗಿದೆ ರೀ, ಹಿಂದಿನ ಎಡಗಡೆದು ಇನ್ನೊಂದ್ಸಲ ನೋಡಿ" ಅಂದಳು. ನೋಡಿದೆ. ಮತ್ತೆ ಗುಳ್ಳೆ ಬಂತು. ಅವಳ ಕಾಲಿಗೆ ಗೊತ್ತಾಗಿದ್ದು ನನ್ನ ಕಣ್ಣಿಗೆ ಗೊತ್ತಾಗಿರಲಿಲ್ಲ. ಸ್ಪರ್ಧೆಯ ದಿನ ಪ್ರತಿ ಓಟದ ನಂತರ ಟೈರಿನ ಗಾಳಿ ನೋಡಿ ಬರೆದಿಟ್ಟವಳೂ ಅವಳೇ. ಬಿಸಿಯಾದಾಗ ಪ್ರೆಶರ್ ಏರುತ್ತದೆ, ಬಿಡುತ್ತಾ ಹೋಗಬೇಕು. ಆ ಕಾಗದ ಫ್ರಿಜ್ ಮೇಲೆ ಅಂಟಿಸಿದ್ದೇನೆ.

ಅಪ್ಪನಿಗೆ ಥ್ಯಾಂಕ್ಸ್ ಅಂದರೆ ನಗುತ್ತಾರೆ. ಆದರೂ ಹೇಳಲೇಬೇಕು. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಬಸ್ ಇಳಿಸಿದ್ದಾರೆ. "ಹತ್ತೋ ಗೇರಲ್ಲೇ ಇಳೀಬೇಕು" ಅನ್ನುವುದು ಅವರ ಪಾಠ. ಬ್ರೇಕನ್ನೇ ನಂಬಿ ಇಳಿದರೆ ಲೈನರ್ ಕಾದು ವಾಸನೆ ಬರುತ್ತದೆ, ಆಮೇಲೆ ಹಿಡಿಯಲ್ಲ. ನಾನು ಮಾಡಿದ ಸ್ಪರ್ಧೆಯ ವಿಡಿಯೊ ಕಳಿಸಿದಾಗ ಅವರಿಗೆ ಸಿಟ್ಟೇ ಬಂತು. "ಹಿಂಗೆ ಬ್ರೇಕ್ ಹೊಡೆದ್ರೆ ನಿಂತಿರೋ ಪ್ಯಾಸೆಂಜರ್ ಎಲ್ಲ ಬಂದು ನನ್ನ ಮೇಲೆ ಬೀಳ್ತಾರಲ್ಲೋ!" ನಿಜ, ಅವರ ಕಸುಬು ಬೇರೆ. ಆದರೆ ಅವರು ಕಲಿಸಿದ ಇನ್ನೊಂದು ವಿಷಯ ಇಲ್ಲಿ ನೇರವಾಗಿ ಕೆಲಸಕ್ಕೆ ಬಂತು. ಕಣ್ಣು ದೂರ ಇಡು, ಬಾನೆಟ್ ಮುಂದೆ ನೋಡಬೇಡ. ಪೆಟ್ಟಿಗೆಯ ಮೊದಲ ಕೋನ್ ನೋಡಿದರೆ ಕಾಲು ತಾನಾಗಿ ಬೇಗ ಬ್ರೇಕ್ ಮೇಲೆ ಹೋಗುತ್ತದೆ. ಕೊನೆಯ ಕೋನ್ ನೋಡಿದರೆ ಜಾಗ ಸರಿಯಾಗಿ ಸಿಗುತ್ತದೆ.

ಕೊನೆಯ ಓಟ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಕ್ಲಚ್ ಬಿಟ್ಟಾಗ ಹಿಂದಿನ ಚಕ್ರ ಸ್ವಲ್ಪ ಜಾರಿತು, ಆಮೇಲೆ ಕಚ್ಚಿಕೊಂಡಿತು. ಚಕ್ರ ಸುಮ್ನೆ ಸುತ್ತಿದರೆ ಹೊಗೆ ಚೆನ್ನಾಗಿ ಕಾಣುತ್ತದೆ, ಸಮಯ ಹೋಗುತ್ತದೆ. ಎರಡನೇ ಗೇರ್. ಕೋನ್ ಎಡಕ್ಕೆ, ಬಲಕ್ಕೆ. ಸ್ಟೇರಿಂಗ್ ನೇರ ಮಾಡಿದ ಮೇಲೇ ಬ್ರೇಕ್, ಯಾಕೆಂದರೆ ಟೈರಿಗೆ ಇರುವ ಹಿಡಿತ ಅಷ್ಟೇ. ತಿರುಗಿಸುವುದಕ್ಕೆ ಅರ್ಧ ಕೊಟ್ಟರೆ ನಿಲ್ಲಿಸುವುದಕ್ಕೆ ಪೂರ್ತಿ ಉಳಿಯಲ್ಲ. ಪೂರ್ತಿ ಒತ್ತಿದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಪಾದಕ್ಕೆ ಟಕಟಕ ಬಡಿಯಿತು. ಬೆಲ್ಟ್ ಭುಜಕ್ಕೆ ಕೊರೆಯಿತು. ಕೊನೆ ಗಳಿಗೆಯಲ್ಲಿ ಕ್ಲಚ್. ಕಾರು ಮೂಗು ತಗ್ಗಿಸಿ, ಒಮ್ಮೆ ಹಿಂದಕ್ಕೆ ತೂಗಿ ನಿಂತಿತು. ಸುತ್ತ ಒಂದು ಕೋನೂ ಬಿದ್ದಿರಲಿಲ್ಲ. ಟ್ರೋಫಿ ಅಂತೂ ಇಲ್ಲ. ನನ್ನ ವರ್ಗದಲ್ಲಿ ನಡುಮಧ್ಯೆ ಎಲ್ಲೋ ಬಂದೆ. ನನಗೆ ಧಾರಾಳ ಸಾಕು.

ಇನ್ನು ಹೆಸರೂ ಗೊತ್ತಿಲ್ಲದವರು. ಬಿಸಿಲಲ್ಲಿ ನಿಂತು ಬಿದ್ದ ಕೋನ್ ಎತ್ತಿಟ್ಟ ಸ್ವಯಂಸೇವಕರು. ಅವರಿಲ್ಲದಿದ್ದರೆ ಸ್ಪರ್ಧೆಯೇ ಇಲ್ಲ, ಆದರೆ ಅವರ ಫೋಟೊ ಯಾರೂ ಹಾಕಲ್ಲ. ಪಕ್ಕದ ಜಾಗದಲ್ಲಿ ಹಳೇ ಕಮಾರೊ ಕಾರು ನಿಲ್ಲಿಸಿಕೊಂಡಿದ್ದ ಅಜ್ಜ, ನಟ್ ಎಷ್ಟು ಬಿಗಿಯಾಯಿತು ಅಂತ ತೋರಿಸುವ ತಮ್ಮ ಟಾರ್ಕ್ ವ್ರೆಂಚ್ ತಂದು "ಹೊರಡೋ ಮುಂಚೆ ಪ್ರತಿ ಸಲ ನೋಡ್ಬೇಕು" ಅಂತ ನನ್ನ ಚಕ್ರದ ನಟ್‌ಗಳನ್ನೆಲ್ಲ 150 ಪೌಂಡ್-ಅಡಿಗೆ ಬಿಗಿ ಮಾಡಿಸಿದರು. ಅವರೂ ನನ್ನ ವರ್ಗದಲ್ಲೇ ಇರಬಹುದು ಅಂದುಕೊಂಡಿದ್ದೆ, ಇರಲಿಲ್ಲ. ಇದ್ದಿದ್ದರೂ ಕೊಡುತ್ತಿದ್ದರು ಬಿಡಿ.

ನಾಶ್‌ವಿಲ್‌ನಿಂದ ಮಕ್ಕಳನ್ನು ಕಟ್ಟಿಕೊಂಡು ನೋಡಲು ಬಂದ ಕನ್ನಡ ಸ್ನೇಹಿತರೇ, ಪುಳಿಯೋಗರೆ ಡಬ್ಬಿ ತೊಳೆದಿಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗಿ. ಮಕ್ಕಳಿಗೆ ನನ್ನ ಓಟಕ್ಕಿಂತ ರಸ್ತೆಯಾಚೆಯ ಕಾರ್ವೆಟ್ ಮ್ಯೂಸಿಯಂ ಇಷ್ಟವಾಯಿತು ಅಂತ ಗೊತ್ತು. 2014ರ ಫೆಬ್ರವರಿಯಲ್ಲಿ ಅಲ್ಲಿ ನೆಲ ಕುಸಿದು ಎಂಟು ಕಾರು ಗುಂಡಿಗೆ ಬಿದ್ದ ಕಥೆಯ ಮುಂದೆ ನನ್ನದೇನು ಮಹಾ!

ಮುಂದಿನ ಸೀಸನ್‌ಗೆ ಯಾರಿಗಾದರೂ ಬರಬೇಕು ಅನಿಸಿದರೆ ಹೇಳಿ. ಮೊದಲು ನಿಮ್ಮೂರಿನ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ಆಟೋಕ್ರಾಸ್‌ಗೆ ಹೋಗಿ ನೋಡಿ, ದಿನಾ ಆಫೀಸಿಗೆ ಹೋಗುವ ಕಾರೇ ಸಾಕು. ಹೋಗುವ ಮುಂಚೆ ಬ್ರೇಕ್ ಆಯಿಲ್ ಬಣ್ಣ ನೋಡಿಕೊಳ್ಳಿ. ಏರ್ ತೆಗೆಯಲು ಪೆಡಲ್ ಒತ್ತುವವರು ಬೇಕಿದ್ದರೆ ನಮ್ಮ ಮನೆಯಾಕೆ ಬರುತ್ತಾಳಂತೆ, ಕಾಫಿ ಮಾತ್ರ ಫಿಲ್ಟರ್ ಕಾಫಿಯೇ ಆಗಬೇಕಂತೆ.